ಉಪ್ಪುನೀರಿನಂಚಿನ ಸಸಿಗಳು

ಹಬ್ಬ ಮುಗಿದ ಎರಡೇ ದಿನಕ್ಕೆ ನಮ್ಮ ಬಾಗಿಲಿಗೆ ಕಟ್ಟಿದ ಬಾಳೆಕಂದು, ಮಾವಿನ ತೋರಣ ಬಾಡಿ ಬೀದಿಯಂಚಿನ ರಾಶಿ ಸೇರುತ್ತವೆ. ಅಮೆರಿಕದ ಲೂಸಿಯಾನಾ ರಾಜ್ಯದ ಜೆಫರ್ಸನ್ ಪ್ರದೇಶದಲ್ಲೂ ಜನವರಿಯಲ್ಲಿ ಮನೆಮನೆಯ ಮುಂದೆ ಕ್ರಿಸ್‌ಮಸ್ ಮರಗಳು ಹೀಗೆಯೇ ಬಂದು ಬೀಳುತ್ತವೆ. ಆದರೆ ಅವುಗಳಿಗೆ ಅಲ್ಲಿ ಇನ್ನೊಂದು ಕೆಲಸ ಕಾದಿರುತ್ತದೆ. ಮಿಂಚುದಾರ, ದೀಪದ ಸರ ಎಲ್ಲವನ್ನೂ ಬಿಡಿಸಿ ಕೊಡಬೇಕು ಎಂಬುದು ನಿಯಮ. ಆಮೇಲೆ ಸ್ವಯಂಸೇವಕರು ಅವನ್ನು ದೋಣಿಗೆ ಹೇರಿ, ಸಮುದ್ರದಂಚಿನ ಜೌಗಿನಲ್ಲಿ ಮರದ ಗೂಟಗಳಿಂದ ಮಾಡಿದ ಬೇಲಿಗಳ ನಡುವೆ ಒತ್ತೊತ್ತಾಗಿ ತುಂಬುತ್ತಾರೆ. ಅಲೆಯ ಪೆಟ್ಟು ಆ ಕೊಂಬೆಗಳಲ್ಲಿ ಸಿಕ್ಕಿ ಮೆತ್ತಗಾಗುತ್ತದೆ, ಹಿಂದೆ ಹೂಳು ನಿಲ್ಲುತ್ತದೆ, ಹೂಳು ನಿಂತಲ್ಲಿ ಹುಲ್ಲು ಬೇರುಬಿಡುತ್ತದೆ.

ಇಷ್ಟು ಶ್ರಮ ಏಕೆಂದರೆ, ಆ ಕರಾವಳಿ ಕರಗುತ್ತಿದೆ. ಅದು ಮಿಸಿಸಿಪ್ಪಿ ನದಿ ಸಾವಿರಾರು ವರ್ಷ ಮಣ್ಣು ಹೊತ್ತು ತಂದು ಕಟ್ಟಿದ ನೆಲ. ಪ್ರವಾಹದ ಭಯದಿಂದ ನದಿಯ ಇಬ್ಬದಿಗೂ ಏರಿ ಕಟ್ಟಿದ ಮೇಲೆ ಹೊಸ ಮಣ್ಣು ಜೌಗಿಗೆ ಬರುವುದು ನಿಂತಿತು. ಎಣ್ಣೆಗಾಗಿ, ಹಡಗಿಗಾಗಿ ತೋಡಿದ ಕಾಲುವೆಗಳಲ್ಲಿ ಉಪ್ಪುನೀರು ಒಳನುಗ್ಗಿತು. 1932ರಿಂದ 2016ರ ನಡುವೆ ಸುಮಾರು 4,800 ಚದರ ಕಿ.ಮೀ. ನೆಲ ನೀರಾಯಿತು, ನಮ್ಮ ಕೊಡಗು ಜಿಲ್ಲೆಯೇ ಅದಕ್ಕಿಂತ ಚಿಕ್ಕದು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದಾಗ ಅದೇ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದ ಶೇ 80ರಷ್ಟು ಭಾಗ ಮುಳುಗಿತು. ಅದರ ಬೆನ್ನಿಗೆ ರೀಟಾ ಎಂಬ ಇನ್ನೊಂದು ಚಂಡಮಾರುತ ಬಂತು. ಇವೆರಡೇ ಸೇರಿ 500 ಚದರ ಕಿ.ಮೀ.ಗೂ ಹೆಚ್ಚು ಜೌಗನ್ನು ಹರಿದುಹಾಕಿದವು. ಕಡಲು ಉಕ್ಕಿ ಬರುವಾಗ ಮೊದಲು ಎದೆಯೊಡ್ಡುವುದು ಜೌಗಿನ ಈ ಹುಲ್ಲು ಮತ್ತು ಅಲ್ಲಿ ಬೆಳೆಯುವ ಸೈಪ್ರೆಸ್ ಮರಗಳ ಸಾಲು ಎಂಬ ಅರಿವು ಊರವರಿಗೆ ಗಟ್ಟಿಯಾದದ್ದು ಆಮೇಲೆ.

ಆ ರಾಜ್ಯದ ವಿಶ್ವವಿದ್ಯಾಲಯವೊಂದು ‘ಕೋಸ್ಟಲ್ ರೂಟ್ಸ್’ ಎಂಬ ಕಾರ್ಯಕ್ರಮವನ್ನು ಕತ್ರಿನಾಕ್ಕೂ ಮುಂಚೆ, 2000ದಲ್ಲಿಯೇ ಆರಂಭಿಸಿತ್ತು. ಮಕ್ಕಳು ಶಾಲೆಯ ಹಿತ್ತಲಲ್ಲೇ ನರ್ಸರಿ ಮಾಡಿ, ಆ ಕರಾವಳಿಯದೇ ಗಿಡ, ಹುಲ್ಲುಗಳನ್ನು ಬೆಳೆಸುತ್ತಾರೆ. ನೀರು ಹಾಕುವುದು, ಕಳೆ ಕೀಳುವುದು, ಬೇರು ತುಂಬಿದಾಗ ದೊಡ್ಡ ಕುಂಡಕ್ಕೆ ಬದಲಿಸುವುದು ಎಲ್ಲವೂ ಅವರದೇ. ಸಸಿ ಗಟ್ಟಿಯಾದ ಮೇಲೆ ಬಸ್ಸಿನಲ್ಲಿ ಕರಾವಳಿಗೆ ಹೋಗಿ ನೆಟ್ಟು ಬರುತ್ತಾರೆ. ಸೈಪ್ರೆಸ್ ಸಸಿಯಾದರೆ ನೆಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ. ಹಿಂದೊಮ್ಮೆ ತುಪ್ಪಳದ ವ್ಯಾಪಾರಕ್ಕೆಂದು ದಕ್ಷಿಣ ಅಮೆರಿಕದಿಂದ ತಂದ ನ್ಯೂಟ್ರಿಯಾ ಎಂಬ ದೊಡ್ಡ ಹೆಗ್ಗಣದಂಥ ಪ್ರಾಣಿ ಎಳೆಯ ಗಿಡವನ್ನು ಕಡಿದುಹಾಕುತ್ತದೆ. ಹಾಗಾಗಿ ಒಂದೊಂದು ಸಸಿಗೂ ಪ್ಲಾಸ್ಟಿಕ್ ಕವಚ ತೊಡಿಸಬೇಕು. ಮೊಣಕಾಲಿನವರೆಗೆ ಕೆಸರು, ಮೇಲೆ ಸೊಳ್ಳೆ. ಈಗ ಅಲ್ಲಿ ಶಾಲೆ ಕಲಿಯುವ ಮಕ್ಕಳು ಹುಟ್ಟುವ ಮೊದಲೇ ಕತ್ರಿನಾ ಬಂದು ಹೋಗಿತ್ತು. ಏರಿ ಕಟ್ಟಿದವರು, ಕಾಲುವೆ ತೋಡಿದವರು, ನ್ಯೂಟ್ರಿಯಾ ತಂದವರು ಎಲ್ಲರೂ ಹಿಂದಿನ ತಲೆಮಾರಿನವರು. ಹಿರಿಯರು ಮಾಡಿದ ಋಣವನ್ನು ಹೀಗೆ ಒಂದು ಮಾತೂ ಆಡದೆ ತೀರಿಸುತ್ತಿರುವ ಮಕ್ಕಳನ್ನು ನೆನೆದರೆ ನನಗೆ ಹೆಮ್ಮೆಗಿಂತ ಮೊದಲು ಸಂಕೋಚವಾಗುತ್ತದೆ.

ನಮ್ಮಲ್ಲೂ ಪರಿಸರ ದಿನವಾದ ಜೂನ್ 5ರಂದು ಶಾಲೆಯ ಅಂಗಳದಲ್ಲಿ ಸಸಿ ನೆಡುತ್ತಾರೆ. ಮಳೆಗಾಲದಲ್ಲಿ ಅದು ತಾನಾಗಿ ಚಿಗುರುತ್ತದೆ. ಬಿಸಿಲು ಬಲಿಯುವ ಹೊತ್ತಿಗೆ ಮಕ್ಕಳಿಗೆ ರಜೆ, ಶಾಲೆಗೆ ಬೀಗ. ನೆಡುವ ಉತ್ಸಾಹ ಮಕ್ಕಳಲ್ಲಿ ಧಾರಾಳವಾಗಿದೆ, ರಜೆಯಲ್ಲಿ ಕಾಯುವ ವ್ಯವಸ್ಥೆ ಮಾಡಬೇಕಾದವರು ದೊಡ್ಡವರು. ಮುಂದಿನ ಸಲ ಪೋಷಕರ ಸಭೆಗೆ ಹೋದಾಗ, ಅಂಕಗಳ ಮಾತು ಮುಗಿದ ಮೇಲೆ, ಕಳೆದ ವರ್ಷದ ಸಸಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಾಕಿದವರು ಯಾರು ಎಂದು ವಿಚಾರಿಸೋಣ. ಯಾರೂ ಇಲ್ಲವೆಂದರೆ, ವಾರಕ್ಕೊಂದು ಮನೆಯಂತೆ ಸರದಿ ಹಾಕಿ, ಮೊದಲ ವಾರಕ್ಕೆ ನಮ್ಮ ಹೆಸರು ಬರೆಸಿ ಬರೋಣ.