ಅನಿಸಿಕೆಯ ಋಣ

ಹಸಿವು ನಿದ್ರೆಗಳಂತೆ ಅಭಿಪ್ರಾಯವೂ ಮನುಷ್ಯನಿಗೆ ಸಹಜವಾದುದು. ಬೆಳಗಿನ ಚಹದ ಲೋಟ ಕೈಗೆ ಬರುವ ಮೊದಲೇ ನಾವು ಸರಕಾರದ ವಿಷಯದಲ್ಲಿ ಒಂದು ತೀರ್ಪನ್ನು ಕೊಟ್ಟಿರುತ್ತೇವೆ. ಲೋಟ ಬರಿದಾಗುವುದರೊಳಗೆ ಹೊಸದೊಂದು ಚಲನಚಿತ್ರವನ್ನು ಹೊಗಳಿಯೋ ತೆಗಳಿಯೋ ಆಗಿರುತ್ತದೆ. ಎದ್ದು ಹೊರಡುವಾಗ ಅಡಿಕೆಯ ಧಾರಣೆ, ಮಕ್ಕಳ ಕೈಯ ಮೊಬೈಲು, ನೆರೆಮನೆಯವರು ಮದುವೆಗೆ ಮಾಡಿದ ಖರ್ಚು, ಇವೆಲ್ಲದರ ವಿಚಾರಣೆಯೂ ಮುಗಿದಿರುತ್ತದೆ. ಇಷ್ಟು ಸ್ವಲ್ಪ ಹೊತ್ತಿನಲ್ಲಿ ಇಷ್ಟು ವ್ಯಾಜ್ಯಗಳನ್ನು ತೀರಿಸಬಲ್ಲ ನ್ಯಾಯಸ್ಥಾನ ಲೋಕದಲ್ಲಿ ಬೇರೊಂದಿರಲಾರದು. ಯಾರಾದರೂ ಎದುರಾಡಿದರೆ ನಮ್ಮ ಕೈಯಲ್ಲಿ ಒಂದು ಗುರಾಣಿ ಸಿದ್ಧವಾಗಿದೆ: “ಅದು ನನ್ನ ಸ್ವಂತ ಅಭಿಪ್ರಾಯ.” ಈ ಮಾತು ಬಂದಲ್ಲಿಗೆ ಚರ್ಚೆ ನಿಂತುಹೋಗುತ್ತದೆ.

ಹೀಗೆ ಸುಮ್ಮನೆ ಆಡಿದ ಸ್ವಂತ ಅಭಿಪ್ರಾಯಕ್ಕೆ ಆಡಿದವನು ಹೊಣೆಗಾರನೋ ಅಲ್ಲವೋ ಎಂಬುದೇ ಈ ಲೇಖನದ ಪ್ರಶ್ನೆ. ಪ್ರಶ್ನೆ ಸಣ್ಣದಾಗಿ ಕಾಣಬಹುದು. ನಮಗೂ ಒಂದು ಕಾಲದಲ್ಲಿ ಹಾಗೆಯೇ ಕಂಡಿತ್ತು.

ಮೊದಲು ಅಭಿಪ್ರಾಯದ ಪಕ್ಷವನ್ನು ಹೇಳಿಬಿಡುವುದು ನ್ಯಾಯ. ಪ್ರಮಾಣವಿಲ್ಲದೆ ಬಾಯಿ ತೆರೆಯಕೂಡದೆಂದು ವಿಧಿಸಿದರೆ ನಮ್ಮ ಬದುಕು ಎಷ್ಟು ನೀರಸವಾದೀತು! ನಮ್ಮ ಸಂವಿಧಾನವು 19ನೆಯ ವಿಧಿಯಲ್ಲಿ ಮಾತಿನ ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕೆಂದು ಕೊಟ್ಟಿರುವುದು ವಿದ್ವಾಂಸರಿಗೆ ಮಾತ್ರವಲ್ಲ, ಚಹದಂಗಡಿಯ ಬೆಂಚಿನಲ್ಲಿ ಕುಳಿತವನಿಗೂ ಅದು ಸಲ್ಲುತ್ತದೆ. ತರಗತಿಯಲ್ಲಿ ಒಂದು ಮಗು ಎದ್ದು ನಿಂತು, “ಈ ಪದ್ಯ ನನಗೆ ಇಷ್ಟವಾಗಲಿಲ್ಲ” ಎಂದರೆ ಅದನ್ನು ಗದರಿಸಿ ಕೂರಿಸುವ ಅಧ್ಯಾಪಕನು ತನ್ನ ವೃತ್ತಿಯನ್ನು ಅರಿತವನಲ್ಲ. ಆ ಮಗುವಿನ ವಿಚಾರಶಕ್ತಿ ಕಣ್ಣು ಬಿಟ್ಟದ್ದು ಆ ಗಳಿಗೆಯಲ್ಲಿಯೇ. ಆದುದರಿಂದ ಅನಿಸಿಕೆಯನ್ನು ಆಡುವುದೇ ತಪ್ಪೆಂದು ನಾವು ಹೇಳಲಾರೆವು.

ಆದರೆ ಅನಿಸಿಕೆಗಳೆಲ್ಲ ಒಂದೇ ಜಾತಿಯವಲ್ಲ. ಹಲಸಿನ ಹಪ್ಪಳ ರುಚಿಯೋ ಗೆಣಸಿನ ಹಪ್ಪಳ ರುಚಿಯೋ ಎಂಬಲ್ಲಿ ನಾಲಗೆಯೇ ಸಾಕ್ಷಿ, ನಾಲಗೆಯೇ ನ್ಯಾಯಾಧೀಶ. ಅಲ್ಲಿ ಋಣವಿಲ್ಲ. 2018ರ ಆಗಸ್ಟಿನಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಿತ್ರ ತೆರೆಗೆ ಬಂದಾಗ ಕಾಸರಗೋಡಿನ ಕನ್ನಡ ಅಧ್ಯಾಪಕರಾದ ನಮಗೆ ಎಷ್ಟು ಅಭಿಪ್ರಾಯಗಳಿದ್ದುವೆಂಬುದನ್ನು ಇಲ್ಲಿ ನೆನೆಯಬಹುದು. ಕೆಲವರು ನಕ್ಕು ಹಗುರಾದೆವೆಂದರು, ಕೆಲವರು ಕಣ್ಣೊರೆಸಿಕೊಂಡರು, ಇನ್ನು ಕೆಲವರು ನಮ್ಮ ಸಂಕಟವನ್ನು ಹಾಸ್ಯಕ್ಕೆ ಒದಗಿಸಿದರೆಂದು ಮುನಿದರು. ಆ ಚಿತ್ರಕ್ಕೆ ಆ ಸಾಲಿನ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಿತು. ನಗುವವನಿಗೂ ಮುನಿಯುವವನಿಗೂ ಅವರವರ ಮನಸ್ಸೇ ಪ್ರಮಾಣ. ಆದರೆ ಗಡಿಯಾಚೆಯ ಬಂಧುವೊಬ್ಬರು ಚಿತ್ರ ನೋಡಿ ಬಂದು, “ನಿಮ್ಮ ಊರಿನ ಶಾಲೆಗಳೆಲ್ಲ ಹೀಗೆಯೇ ಅಲ್ಲವೆ?” ಎಂದಾಗ ಮಾತಿನ ಜಾತಿಯೇ ಬದಲಾಯಿತು. ಮೊದಲನೆಯದು ತನ್ನ ಮನಸ್ಸಿನ ಸುದ್ದಿ. ಎರಡನೆಯದು ಲೋಕದ ಸುದ್ದಿ. ಲೋಕದ ಸುದ್ದಿ ಹೇಳುವವನು ಲೋಕವನ್ನು ನೋಡಿರಬೇಕಾಗುತ್ತದೆ.

ರಾಜಕೀಯದಲ್ಲಿ ಈ ಗೊಂದಲ ಇನ್ನೂ ಹೆಚ್ಚು. 1956ರ ನವೆಂಬರ್ 1ರಂದು, ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿಯನ್ನು ಒಪ್ಪಿಸಿತು. ಆ ವರದಿಯ ವಿಷಯದಲ್ಲಿ ನಮ್ಮಲ್ಲಿ ಅಭಿಪ್ರಾಯವಿಲ್ಲದವರು ಯಾರೂ ಇಲ್ಲ. ಆದರೂ ಆಯೋಗವು ಇಡೀ ತಾಲೂಕನ್ನು ಮೈಸೂರಿಗೆ ಕೊಡಹೇಳಿತ್ತೆಂದು ಸಭೆಗಳಲ್ಲಿ ಬಿರುಸಾಗಿ ಮಾತಾಡುವವರನ್ನು ನಾವು ಕೇಳಿದ್ದೇವೆ. ಅದು ಶಿಫಾರಸು ಮಾಡಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು. ಸೇರಬೇಕಿತ್ತೋ ಬೇಡವಾಗಿತ್ತೋ ಎಂಬುದು ಅಭಿಪ್ರಾಯ. ಹೊಳೆಯ ಉತ್ತರವೋ ದಕ್ಷಿಣವೋ ಎಂಬುದು ಅಭಿಪ್ರಾಯವಲ್ಲ. “ಅದು ನನ್ನ ಸ್ವಂತ ಅಭಿಪ್ರಾಯ” ಎಂಬ ಗುರಾಣಿ ಮೊದಲನೆಯದನ್ನು ಕಾಯಬಹುದು, ಎರಡನೆಯದನ್ನು ಕಾಯಲಾರದು.

ಇಷ್ಟನ್ನು ತಿಳಿದಿದ್ದೂ ನಾವೇ ಎಡವಿದ ಸಂದರ್ಭವೊಂದನ್ನು ಹೇಳದೆ ಮುಂದರಿಯುವುದು ಪ್ರಾಮಾಣಿಕತೆಯಾಗದು.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳ ಕೊನೆ. ಬೇಸಗೆಯ ರಜೆ ಮುಗಿಯುತ್ತಿತ್ತು. ಹೊಸ ಮಕ್ಕಳನ್ನು ಹುಡುಕಿಕೊಂಡು ಮನೆಮನೆ ತಿರುಗಿ, ದಣಿದು, ಶಾಲೆಯ ಹತ್ತಿರದ ಚಹದಂಗಡಿಯಲ್ಲಿ ಕುಳಿತಿದ್ದೆವು. ಸಹೋದ್ಯೋಗಿಯೊಬ್ಬರು ಈ ಸಲ ಎಷ್ಟು ಮಂದಿ ಬಂದಾರೆಂದು ಕೇಳಿದರು. ನಾವು ಲೋಟ ಕೆಳಗಿಡುತ್ತ, “ಎಷ್ಟು ಬಂದರೇನು? ಈ ಕನ್ನಡ ಶಾಲೆಗೆ ಇನ್ನು ಐದು ವರ್ಷದ ಆಯುಷ್ಯ” ಎಂದುಬಿಟ್ಟೆವು. ಐದು ಎಂಬ ಸಂಖ್ಯೆಗೆ ಲೆಕ್ಕವಿರಲಿಲ್ಲ. ಅದು ಬಿಸಿಲಿನ ಮಾತು, ಬೇಸರದ ಮಾತು. ನಕ್ಕು ಎದ್ದು ಬಂದೆವು.

ಹಿಂದಿನ ಬೆಂಚಿನಲ್ಲಿ ನಮ್ಮ ಎರಡನೆಯ ತರಗತಿಯ ಒಬ್ಬ ಹುಡುಗಿಯ ತಂದೆ ಕುಳಿತಿದ್ದರು. ಆಟೋರಿಕ್ಷಾ ಓಡಿಸಿ ಜೀವನ ಸಾಗಿಸುವವರು. ಜೂನಿನಲ್ಲಿ ಶಾಲೆ ತೆರೆದ ಮೂರನೆಯ ದಿನ ಅವರು ಮಗಳ ಟಿ.ಸಿ. ಕೇಳಲು ಬಂದರು. ಕಾರಣವೇನೆಂದು ವಿಚಾರಿಸಿದೆವು.

“ನೀವೇ ಹೇಳಿದ್ದಲ್ಲವಾ ಮಾಷ್ಟ್ರೇ, ಇನ್ನು ಐದು ವರ್ಷ ಅಂತ? ಶಾಲೆಯ ಒಳಗೆ ಇರುವವರಿಗಿಂತ ಹೆಚ್ಚು ನಮಗೆ ಗೊತ್ತುಂಟಾ?”

ಅದು ಸುಮ್ಮನೆ ಆಡಿದ ಮಾತೆಂದು ನಾವು ಹೇಳಿದೆವು. ಅವರು ಸಿಟ್ಟಾಗಲಿಲ್ಲ. “ನಿಮಗೆ ಅದು ಬಾಯಿಮಾತು ಇರಬಹುದು. ನನಗೆ ಮಗಳ ಓದಿನ ವಿಷಯ” ಎಂದಷ್ಟೆ ಹೇಳಿ ಕಾಗದ ತೆಗೆದುಕೊಂಡು ಹೋದರು. ಅವರ ಆಟೋದಲ್ಲಿಯೇ ಶಾಲೆಗೆ ಬರುತ್ತಿದ್ದ ಅಕ್ಕಪಕ್ಕದ ಮನೆಗಳ ಇನ್ನಿಬ್ಬರು ಮಕ್ಕಳೂ ಅದೇ ವಾರ ಬಿಟ್ಟರು. ಕೇರಳದ ಶಾಲೆಗಳಲ್ಲಿ ಆರನೆಯ ಕೆಲಸದ ದಿನದ ತಲೆಯೆಣಿಕೆಯೇ ಆ ವರ್ಷದ ಹುದ್ದೆಗಳಿಗೆ ಆಧಾರವೆಂಬುದು ಅಧ್ಯಾಪಕರೆಲ್ಲರಿಗೆ ಗೊತ್ತು. ಆ ದಿನ ಹಾಜರಿ ಪಟ್ಟಿಯಲ್ಲಿ ಆ ಮೂರು ಹೆಸರುಗಳ ಮೇಲೆ ಕೆಂಪು ಗೆರೆ ಎಳೆದದ್ದು ನಮ್ಮ ಕೈಯೇ.

ಇದರಿಂದ ನಾವು ಕಲಿತದ್ದೇನು? ನಾಳೆ ಮಳೆ ಬರುವುದೆಂದು ಹೇಳಿದರೆ ಆ ಮಾತಿನಿಂದ ಮಳೆ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಮೋಡಕ್ಕೆ ಕಿವಿಯಿಲ್ಲ. ಆದರೆ ಮನುಷ್ಯರ ಸಂಸ್ಥೆಗಳಿಗೆ ಕಿವಿಯುಂಟು. ಒಂದು ಶಾಲೆ ಮುಚ್ಚುತ್ತದೆಂದು ಹತ್ತು ಮಂದಿ ನಂಬಿದರೆ ಅದು ಮುಚ್ಚತೊಡಗುತ್ತದೆ. ಒಬ್ಬ ಹುಡುಗ ದಡ್ಡನೆಂದು ಅಧ್ಯಾಪಕರ ಕೋಣೆಯಲ್ಲಿ ನಾಲ್ಕು ಸಲ ಹೇಳಿದರೆ ಐದನೆಯ ಸಲ ಆ ಹುಡುಗನೇ ಅದನ್ನು ಹೇಳಿಕೊಳ್ಳುತ್ತಾನೆ. ಇಂತಹ ಕಡೆಗಳಲ್ಲಿ ಅಭಿಪ್ರಾಯವು ಸಂಗತಿಯನ್ನು ಹೊರಗೆ ನಿಂತು ನೋಡುವುದಿಲ್ಲ, ಸಂಗತಿಯನ್ನು ಉಂಟುಮಾಡುವುದರಲ್ಲಿ ತಾನೂ ಕೈಹಾಕುತ್ತದೆ. ಆದುದರಿಂದ ಅದನ್ನು ಆಡಿದವನು ಬರಿಯ ಪ್ರೇಕ್ಷಕನೆಂದು ತಪ್ಪಿಸಿಕೊಳ್ಳಲಾರನು. ಕೇಳುವವನು ನಮ್ಮನ್ನು ಬಲ್ಲವರೆಂದು ಎಣಿಸಿದ್ದಷ್ಟೂ ಈ ಋಣ ಬೆಳೆಯುತ್ತದೆ. ಚಹದಂಗಡಿಯಲ್ಲಿ ನಾವು ಅಧ್ಯಾಪಕತನವನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇವೆಂದು ತಿಳಿದಿದ್ದೆವು, ಊರಿನವರು ಹಾಗೆ ತಿಳಿದಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಹಾಗಾದರೆ ಅಧ್ಯಾಪಕನು ಸುಳ್ಳು ಹೇಳಬೇಕೆ? ಮಕ್ಕಳ ಸಂಖ್ಯೆ ಇಳಿಯುತ್ತಿರುವಾಗ ಶಾಲೆ ಬೆಳಗುತ್ತಿದೆಯೆಂದು ಸಾರಬೇಕೆ? ಖಂಡಿತ ಕೂಡದು. ಭಾಷೆಯ ಮೇಲಿನ ಮಮತೆಯು ಸತ್ಯವನ್ನು ಮುಚ್ಚುವ ಪರದೆಯಾದರೆ ಆ ಮಮತೆಯೇ ನಾಳೆ ಹಾಸ್ಯಕ್ಕೆ ಗುರಿಯಾಗುತ್ತದೆ. ಅಷ್ಟೇ ಅಲ್ಲ, ಆ ತಂದೆ ಮಾಡಿದ್ದು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಅವರ ಮಗಳು ಈಗಿನ ಶಾಲೆಯಲ್ಲಿ ಚೆನ್ನಾಗಿಯೇ ಓದುತ್ತಿದ್ದಾಳೆ. ದಾರಿಯಲ್ಲಿ ಕಂಡರೆ ನಿಂತು ಕೈಯೆತ್ತುತ್ತಾಳೆ. ನಮ್ಮ ತಪ್ಪು ಅವಳು ಹೋದದ್ದರಲ್ಲಿಲ್ಲ, ಅವಳ ತಂದೆ ಒಂದು ದೊಡ್ಡ ನಿರ್ಧಾರವನ್ನು ಕೈಗೊಳ್ಳುವಾಗ ಕೈಯಲ್ಲಿ ಹಿಡಿದದ್ದು ನಮ್ಮ ತೂಕವಿಲ್ಲದ ಕಲ್ಲನ್ನು ಎಂಬುದರಲ್ಲಿದೆ. ನಾಲ್ಕು ವರ್ಷಗಳ ಸಂಖ್ಯೆಯನ್ನು ಅವರ ಮುಂದಿಟ್ಟು, ಇಂತಿಂತಹ ಕಾರಣಗಳಿವೆ, ನಾವು ಇಂತಿಂತಹುದನ್ನು ಮಾಡಬೇಕೆಂದಿದ್ದೇವೆ, ಇನ್ನು ನಿಮ್ಮ ಇಷ್ಟ ಎಂದಿದ್ದರೆ, ಆಗ ಅವರು ಟಿ.ಸಿ. ಕೇಳಿದ್ದರೂ ನಮಗೆ ಪಶ್ಚಾತ್ತಾಪವಿರುತ್ತಿರಲಿಲ್ಲ.

ನಮ್ಮ ಹಿರಿಯರು ಈ ವಿಷಯವನ್ನು ಅಲಕ್ಷಿಸಿದವರಲ್ಲ. ನ್ಯಾಯಶಾಸ್ತ್ರದಲ್ಲಿ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯಲು ನಡೆಯುವುದು ವಾದ, ಗೆಲ್ಲಲು ನಡೆಯುವುದು ಜಲ್ಪ, ತನ್ನದೆಂಬ ಪಕ್ಷವನ್ನೇ ಇಡದೆ ಎದುರಾಳಿಯದನ್ನು ಕೆಡವುವುದು ವಿತಂಡ. “ಅದು ನನ್ನ ಅಭಿಪ್ರಾಯ” ಎಂದು ಬಾಗಿಲು ಹಾಕಿಕೊಳ್ಳುವುದು ಈ ಮೂರರಲ್ಲಿ ಯಾವುದೂ ಅಲ್ಲ, ಚರ್ಚೆಯ ಅಂಗಳಕ್ಕೇ ಅದು ಇಳಿದಿಲ್ಲ. ಶಾಸ್ತ್ರವನ್ನು ಓದದ ನಮ್ಮ ಅಜ್ಜಿಯಂದಿರೂ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಗಾದೆಯಾಗಿ ಹೇಳುತ್ತಿದ್ದರು. ಕಣ್ಣಾರೆ ಕಂಡದ್ದಕ್ಕೇ ಇಷ್ಟು ಎಚ್ಚರಿಕೆ ಬೇಕಾದರೆ, ಇನ್ನೊಬ್ಬರ ಬಾಯಿಂದ ಕೇಳಿದ್ದಕ್ಕೆ ಎಷ್ಟು ಬೇಕು?

ಇದಕ್ಕಿಂತ ಹತ್ತಿರದ ಗುರುವೊಂದು ನಮ್ಮ ನಾಡಿನಲ್ಲಿಯೇ ಇದೆ. ಅದೇ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯಕ್ಕೆ ಅರ್ಥಧಾರಿಯು ಕುಳಿತಲ್ಲಿಯೇ ಆಶುವಾಗಿ ಮಾತನ್ನು ಕಟ್ಟುತ್ತಾನೆ. ವಾಲಿವಧೆಯ ರಾತ್ರಿ ಬಾಣ ತಿಂದು ಬಿದ್ದ ವಾಲಿಯು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. “ಅದು ನನ್ನ ಸ್ವಂತ ಅಭಿಪ್ರಾಯ” ಎಂದು ರಾಮನ ಅರ್ಥಧಾರಿ ಉತ್ತರಿಸಿದರೆ ಸಭೆ ಎದ್ದುಹೋದೀತು! ಅವನು ಕಾರಣವನ್ನು ಕೊಡಲೇಬೇಕು, ಅದೂ ಎದುರಾಳಿಯ ಮಾತನ್ನು ಪೂರ್ತಿ ಕೇಳಿದ ಮೇಲೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಹಿರಿಯರು ಇಂದಿಗೂ ನೆನೆಯುವುದು ಸೋಲುವ ಪಕ್ಷಕ್ಕೂ ಅವರು ತೂಕವುಳ್ಳ ಮಾತನ್ನು ಒದಗಿಸಿದ್ದರಿಂದ. ಇಂದು ವಾಲಿಯಾದವನು ಮುಂದಿನ ಕೂಟದಲ್ಲಿ ರಾಮನಾಗಬೇಕಾದೀತು. ತನಗೆ ಒಪ್ಪಿಗೆಯಾಗದ ಪಕ್ಷವನ್ನೂ ಅದರ ಯೋಗ್ಯತೆಗೆ ತಕ್ಕಂತೆ ಆಡಿ ತೋರಿಸಬಲ್ಲವನ ಅಭಿಪ್ರಾಯಕ್ಕೆ ಬೆಲೆಯುಂಟು. ನಾವು ರಾಜಕೀಯವನ್ನು ಮಾತಾಡುವಾಗ ಈ ಒಂದು ಪರೀಕ್ಷೆಗೆ ನಮ್ಮನ್ನು ಒಡ್ಡಿಕೊಂಡರೆ ಸಾಕು, ಅರ್ಧ ಜಗಳಗಳು ತಾವಾಗಿ ತಣಿದಾವು.

ಆ ಜೂನಿನ ಬಳಿಕ ನಮ್ಮ ತರಗತಿಯಲ್ಲಿ ಒಂದು ಸಣ್ಣ ಅಭ್ಯಾಸವನ್ನು ಇಟ್ಟುಕೊಂಡಿದ್ದೇವೆ. ಯಾರೇ ಒಂದು ಸುದ್ದಿಯನ್ನೋ ಅಭಿಪ್ರಾಯವನ್ನೋ ಹೇಳಿದರೆ ಉಳಿದವರು ‘ಕಂಡದ್ದೋ, ಕೇಳಿದ್ದೋ, ಊಹಿಸಿದ್ದೋ?’ ಎಂದು ಕೇಳಬೇಕು. ಮೂರರಲ್ಲಿ ಯಾವುದಾದರೂ ತಪ್ಪಲ್ಲ, ಯಾವುದೆಂದು ಹೇಳದಿರುವುದೇ ತಪ್ಪು. ಒಂದು ಮಳೆಗಾಲದ ಮಧ್ಯಾಹ್ನ ಹುಡುಗನೊಬ್ಬ ನಾಳೆ ಮಳೆಯ ರಜೆಯೆಂದು ಸಾರಿದನು. ತರಗತಿಯೆಲ್ಲ ಕುಣಿಯಿತು. ಹಿಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಮಾತ್ರ, “ಕಂಡದ್ದಾ, ಕೇಳಿದ್ದಾ?” ಎಂದಳು. ಅಣ್ಣನ ಮೊಬೈಲಿನಲ್ಲಿ ಕಂಡದ್ದೆಂದು ಅವನ ಉತ್ತರ. ವಿಚಾರಿಸಿ ನೋಡಿದರೆ ಜಿಲ್ಲಾಧಿಕಾರಿಗಳ ಆ ಪ್ರಕಟಣೆ ಹಿಂದಿನ ವರ್ಷದ್ದು. ತರಗತಿಗೆ ನಿರಾಶೆಯಾಯಿತು. ಆದರೆ ಮರುದಿನ ಸುರಿವ ಮಳೆಯಲ್ಲಿ ಎಲ್ಲರೂ ಕೊಡೆ ಹಿಡಿದು ಬಂದರು, ಸುದ್ದಿ ಸಾರಿದವನೂ ಬಂದನು. ತಾನು ಕಂಡದ್ದು ನಿಜ, ತಾರೀಕನ್ನು ಕಾಣಲಿಲ್ಲ ಎಂದು ಅವನೇ ಒಪ್ಪಿಕೊಂಡನು. ಇಷ್ಟು ಸರಳವಾದ ಒಪ್ಪಿಗೆ ನಮ್ಮಂತಹ ದೊಡ್ಡವರ ಬಾಯಿಂದ ಎಷ್ಟು ಸಲ ಹೊರಡುತ್ತದೆ?

ಒಟ್ಟಿನಲ್ಲಿ ನಾವು ಹೇಳಬಯಸುವುದು ಇಷ್ಟೆ. ಅಭಿಪ್ರಾಯವನ್ನು ಆಡುವ ಹಕ್ಕು ಎಲ್ಲರದು. ಆದರೆ ಅದು ಲೋಕದ ವಿಷಯವಾಗಿದ್ದರೆ ಎಲ್ಲಿಂದ ಬಂದಿತೆಂದು ಹೇಳುವ ಋಣವುಂಟು. ಮನುಷ್ಯರ ವಿಷಯವಾಗಿದ್ದರೆ ಅದು ಅವರ ಮೇಲೆ ಏನು ಮಾಡೀತೆಂದು ಯೋಚಿಸುವ ಋಣವೂ ಉಂಟು. ತಪ್ಪೆಂದು ತಿಳಿದಾಗ, ಆಡಿದ ಜಾಗದಲ್ಲಿಯೇ ಅದನ್ನು ತಿದ್ದುವ ಋಣ ಮೂರನೆಯದು. ಈ ಮೂರನೆಯದನ್ನು ತೀರಿಸಲು ನಾವು ಅದೇ ಚಹದಂಗಡಿಗೆ ಹೋಗಿ, ಅದೇ ಬೆಂಚಿನ ಮೇಲೆ ಕುಳಿತು, ಐದು ವರ್ಷವೆಂದದ್ದಕ್ಕೆ ನಮ್ಮಲ್ಲಿ ಯಾವ ಲೆಕ್ಕವೂ ಇರಲಿಲ್ಲವೆಂದು ಹೇಳಿ ಬಂದೆವು. ಅಂಗಡಿಯ ಯಜಮಾನರು ನಕ್ಕರು. ಈ ವರ್ಷ ಎಷ್ಟು ಮಕ್ಕಳೆಂದು ಈಗಲೂ ಯಾರಾದರೂ ಅಲ್ಲಿ ಕೇಳುತ್ತಾರೆ. ಹಾಜರಿ ಪಟ್ಟಿಯ ಸಂಖ್ಯೆಯನ್ನು, ಹೆಚ್ಚಾಗಿರಲಿ ಕಡಿಮೆಯಾಗಿರಲಿ, ಇದ್ದಂತೆ ಹೇಳುತ್ತೇವೆ. ಆಯುಷ್ಯದ ಲೆಕ್ಕವನ್ನು ಹೇಳುವುದಿಲ್ಲ.

ಮೇಲೆ ಬರೆದದ್ದೂ ಒಂದು ಅನಿಸಿಕೆಯೇ ಸರಿ. ಅದು ಎಲ್ಲಿಂದ ಬಂದಿತೆಂಬುದನ್ನು ಮರೆಮಾಚದೆ ತಿಳಿಸಿದ್ದೇವೆ. ಬೇರೆ ಬಗೆಯಾಗಿ ಕಂಡ ವಾಚಕರು ತಮ್ಮ ಕಾರಣಗಳೊಡನೆ ಇದೇ ಪುಟಗಳಲ್ಲಿ ಬರೆಯುವುದಾದರೆ ನಾವು ಸಂತೋಷದಿಂದ ತಿದ್ದಿಕೊಳ್ಳುವೆವು.