ಬಾಡಿಗೆಯ ಮನೆ ಮತ್ತು ಬಾಯಿಮಾತು

ಕಳೆದ ಆಶ್ವಯುಜ ಶುಕ್ಲ ಚತುರ್ದಶಿಯಂದು ನಾನು ಪ್ರೋಷಧೋಪವಾಸದಲ್ಲಿದ್ದಾಗ ಬಂಧುವರ್ಗದ ತರುಣನೊಬ್ಬನು ಮನೆಗೆ ಬಂದನು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಅವನಿಗೆ ಉದ್ಯೋಗ ದೊರೆತಿದೆ. ತಂದೆತಾಯಿಗಳ ಆಶ್ರಯವನ್ನು ಬಿಟ್ಟು ಮೊದಲ ಬಾರಿಗೆ ಬಾಡಿಗೆಯ ಮನೆ ಹಿಡಿಯಬೇಕಾಗಿದೆ. ಗುಬ್ಬಿಯಲ್ಲಿ ಒಂದು ಮನೆ ಅವನ ಸಂಬಳಕ್ಕೆ ಎಟಕುವಂತಿದೆ. ಆದರೆ ವಿಚಾರಿಸಿದಲ್ಲೆಲ್ಲ ಅದರ ನಿಂದೆಯೇ. ಒಬ್ಬರು ಸೋರುವ ಮನೆ ಎಂದರು. ಮತ್ತೊಬ್ಬರು ಮುಂಗಡ ಹಣ ಹಿಂದಿರುಗದು ಎಂದರು. ಮೂರನೆಯವರು ಅಲ್ಲಿದ್ದವರು ಯಾರೂ ಏಳಿಗೆ ಕಂಡಿಲ್ಲವೆಂದರಂತೆ. "ಇಷ್ಟು ಜನ ಹೇಳಿದ ಮೇಲೂ ಹಿಡಿಯಬಹುದೇ?" ಎಂಬುದು ಅವನ ಪ್ರಶ್ನೆ.

ಆಪ್ತವಚನವನ್ನು ನಂಬಬೇಕೆಂದು ಶಾಸ್ತ್ರ ಹೇಳುತ್ತದೆ. ಆದರೆ ಆಪ್ತನೆಂದರೆ ವೀತರಾಗನು, ಸರ್ವಜ್ಞನು, ಹಿತೋಪದೇಶಿ. ಬೀದಿಯ ಮಾತಿಗೆ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಹಾಗೆಂದು ತಳ್ಳಿಬಿಡುವಂತೆಯೂ ಇಲ್ಲ. ಪ್ರತಿಯೊಂದು ಮಾತೂ ಒಂದೊಂದು ನಯ, ಯಾರೋ ಒಬ್ಬನು ಯಾವುದೋ ಕಾಲದಲ್ಲಿ ನಿಂತು ಕಂಡದ್ದು. ಹೀಗೆಲ್ಲ ಉಪದೇಶಿಸಿ, ಕಡೆಗೆ ಮನೆ ಯಾವುದೆಂದು ಕೇಳಿದೆನು. ಮೊದಲೇ ಕೇಳಬೇಕಾಗಿತ್ತು; ಮೇಷ್ಟರ ಅಭ್ಯಾಸ! ಅವನು ಗುರುತು ಹೇಳಿದಾಗ ನನ್ನ ಬಾಯಿ ಕಟ್ಟಿತು.

1984ರಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ನಾನು ಹಿಡಿದ ಮೊದಲ ಬಾಡಿಗೆಮನೆ ಅದು. ಹೆಂಚಿನ ಮಾಡು, ಮಳೆಗಾಲದಲ್ಲಿ ಸೋರುತ್ತಿದ್ದುದು ನಿಜ. ಒಂದು ರಾತ್ರಿ ಪುಸ್ತಕಗಳೆಲ್ಲ ನೆನೆದುವೆಂದು ಸಿಟ್ಟಿನಿಂದ, ಮುಂಚಿತವಾಗಿ ತಿಳಿಸದೆ ಮನೆ ಬಿಟ್ಟೆನು. ಒಡತಿ ವೃದ್ಧೆ, ವಿಧವೆ. ಕರಾರಿನಂತೆ ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಹಿಡಿದುಕೊಂಡರು. ನಾನು ಶಾಲೆಯಲ್ಲಿ, ಅಂಗಡಿಯಲ್ಲಿ, ರೈಲ್ವೆ ನಿಲ್ದಾಣದಲ್ಲಿ ಹೇಳಿಕೊಂಡು ತಿರುಗಿದ್ದು ಎರಡೇ ಮಾತು: ಮನೆ ಸೋರುತ್ತದೆ, ಮುಂಗಡ ಕೊಡುವುದಿಲ್ಲ. ಕರಾರಿನ ವಿಷಯ ಎತ್ತಲಿಲ್ಲ. ಹಿತ್ತಲ ಬಾವಿಯ ನಿರ್ಮಲವಾದ ನೀರನ್ನಾಗಲಿ, ನಾನು ಜ್ವರದಿಂದ ಮಲಗಿದ್ದಾಗ ಆ ತಾಯಿ ಸೂರ್ಯಾಸ್ತಕ್ಕೆ ಮೊದಲೇ ಗಂಜಿ ತಂದಿಡುತ್ತಿದ್ದುದನ್ನಾಗಲಿ ಯಾರಿಗೂ ಹೇಳಲಿಲ್ಲ. ಬಹುಕಾಲ ಆ ಮನೆ ಖಾಲಿಯಿತ್ತು. ಅವರಿಗೆ ಆ ಬಾಡಿಗೆಯೇ ಜೀವನಾಧಾರ.

ಪರನಿಂದೆಯನ್ನೂ, ಇನ್ನೊಬ್ಬರಲ್ಲಿ ಇರುವ ಗುಣವನ್ನು ಮರೆಮಾಡುವುದನ್ನೂ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಎಣಿಸಿದೆ. ಎಷ್ಟು ಪರ್ಯೂಷಣಗಳಲ್ಲಿ ನಾನೇ ಅದನ್ನು ವ್ಯಾಖ್ಯಾನಿಸಿದ್ದೇನೆ! ಸುಳ್ಳಾಡಲಿಲ್ಲವೆಂದು ನಲವತ್ತು ವರ್ಷ ಸಮಾಧಾನದಿಂದ ಇದ್ದೆನು. ನನ್ನ ಎರಡು ಅರ್ಧಸತ್ಯಗಳು ಊರಿನಲ್ಲಿ ಉಳಿದು, ಏಳಿಗೆ ಕಾಣದ ಮನೆಯೆಂಬ ಮೂರನೆಯದನ್ನು ಹೆತ್ತು, ಈಗ ಈ ಹುಡುಗನ ಬಾಯಿಂದ ನನ್ನ ಬಳಿಗೇ ಬಂದುವು.

ಅವನಿಗೆ ಎಲ್ಲವನ್ನೂ ಹೇಳಿದೆನು. "ಹಾಗಾದರೆ ಹಿಡಿಯಲೇ?" ಎಂದನು. ನನ್ನ ಪಶ್ಚಾತ್ತಾಪಕ್ಕಾಗಿ ಅವನು ಸೋರುವ ಮನೆಯಲ್ಲಿ ಇರಬೇಕೆನ್ನುವುದು ಇನ್ನೊಂದು ಅನ್ಯಾಯವಾದೀತು. ನೋಡೋಣವೆಂದು, ಚಿತ್ತೆ ಮಳೆ ಹಿಡಿದ ದಿನವೇ ಇಬ್ಬರೂ ಹೋದೆವು.

ಹೆಂಚಿನ ಮಾಡೇ ಇರಲಿಲ್ಲ! ಎಂದೋ ತಾರಸಿ ಹಾಕಿಸಿದ್ದರು. ಒಂದು ಹನಿಯೂ ಒಳಗೆ ಬೀಳಲಿಲ್ಲ. ದ್ರವ್ಯವು ಕ್ಷಣಕ್ಷಣಕ್ಕೂ ಹೊಸ ಪರ್ಯಾಯವನ್ನು ತಳೆಯುತ್ತದೆಂದು ಪಾಠ ಹೇಳಿದವನು ನಾನು. ಮಾಡು ಅಳಿದರೂ ಅದರ ಮೇಲಿನ ಮಾತು ಅಳಿಯದಿರುವುದನ್ನು ಅಂದು ಕಂಡೆನು. ಅಡುಗೆಯ ಕೋಣೆಗೆ ಪಶ್ಚಿಮದ ಕಿಟಕಿಯಿದೆ. ಸಂಜೆಯ ಊಟಕ್ಕೆ ಬೆಳಕು ಸಾಲುತ್ತದೆ. ಆದರೆ ಬಾವಿಯನ್ನು ಮುಚ್ಚಿದ್ದರು. ಕೊಳವೆಬಾವಿಯ ನೀರು ಬಲು ಗಡಸು, ಬೇಳೆ ಬೇಯುವುದೂ ಕಷ್ಟ. ನಿಜವಾದ ಈ ದೋಷವನ್ನು ನಿಂದಿಸಿದವರಲ್ಲಿ ಒಬ್ಬರೂ ಹೇಳಿರಲಿಲ್ಲ.

ಕುಡಿಯುವ ನೀರನ್ನು ಹೊರಗಿನಿಂದ ತರುವುದಾದರೆ ಆಗಬಹುದೆಂದು ಅವನೇ ನಿಶ್ಚಯಿಸಿದನು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾಗುವುದರಿಂದ ರೂಢಿಯಲ್ಲಿರುವ 11 ತಿಂಗಳ ಕರಾರನ್ನೇ ಬರೆದರು. ಮುಂಗಡದ ಷರತ್ತನ್ನು ನಾನು ಗಟ್ಟಿಯಾಗಿ ಎರಡು ಸಲ ಓದಿಸಿದೆನು.

ಈಗಿನ ಒಡೆಯರು ಆ ತಾಯಿಯ ಮೊಮ್ಮಗ. 1984ರಲ್ಲಿ ನಾನು ಆಡಿದ ಮಾತುಗಳನ್ನು ಅವರಿಗೆ ತಿಳಿಸಿ ಕ್ಷಮೆ ಬೇಡಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಇದ್ದಾಗ ಹೇಳಬೇಕಾಗಿತ್ತು, ಮೇಷ್ಟ್ರೇ" ಎಂದರು.

ತಿಂಗಳ ಕೊನೆಗೆ ಹುಡುಗನು ಪಾತ್ರೆಪಡಗಗಳೊಡನೆ ಬಂದು ಸೇರಿದನು. ನೀರು ಸೋಸಲು ಎರಡು ಮಡಿಕೆಯ ಬಟ್ಟೆಯೊಂದನ್ನು ಕೊಟ್ಟುಬಂದೆನು.