ತನ್ನ ಸರಕನ್ನು ತಾನೇ ಹೊಗಳುವುದು

ಕುರುಕ್ಷೇತ್ರ ಯುದ್ಧದ ಹದಿನೇಳನೆಯ ದಿನ. ಕರ್ಣನ ಬಾಣಗಳಿಂದ ನೊಂದು ಬಿಡಾರಕ್ಕೆ ಮರಳಿದ್ದ ಧರ್ಮರಾಯ, ಗಾಂಡೀವವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ಎಂದು ಅರ್ಜುನನನ್ನು ಹಂಗಿಸಿದ. ಹಾಗೆಂದವರ ತಲೆ ತೆಗೆಯುವುದಾಗಿ ಅರ್ಜುನ ಪ್ರತಿಜ್ಞೆ ಮಾಡಿದ್ದ; ಕತ್ತಿ ಹಿರಿದ. ಹಿರಿಯರನ್ನು ಏಕವಚನದಲ್ಲಿ ಜರೆದರೆ ಕೊಂದಂತೆಯೇ ಎಂದು ಕೃಷ್ಣ ದಾರಿ ತೋರಿದ. ಅಣ್ಣನನ್ನು ಜರೆದ ಮೇಲೆ ಅರ್ಜುನನಿಗೆ ಬದುಕೇ ಬೇಡವಾಯಿತು. ಅದಕ್ಕೂ ಕೃಷ್ಣನ ಬಳಿ ಉಪಾಯವಿತ್ತು: ನಿನ್ನನ್ನು ನೀನೇ ಹೊಗಳಿಕೋ, ಅದೇ ಆತ್ಮಹತ್ಯೆಗೆ ಸಮ.

ಈ ಕಥೆ ಕೇಳಿ ಬೆಳೆದ ವ್ಯಾಪಾರಿ ಈಗ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಸಾಮಾಜಿಕ ಜಾಲತಾಣದ ತರಬೇತಿ ಶಿಬಿರದಲ್ಲಿ ಕೂತಿರುತ್ತಾನೆ. ಗೂಗಲ್ ನಕ್ಷೆಗೆ ಅಂಗಡಿ ಸೇರಿಸುವುದು, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸರಕಿನ ಪಟ್ಟಿ ಹಾಕುವುದು, 30 ಸೆಕೆಂಡಿನ ರೀಲ್ ಮಾಡುವುದು, ಇವೆಲ್ಲ ಕಲಿಯಲೇಬೇಕಾದ ಕೆಲಸಗಳು. ಕ್ಯಾಮೆರಾ ಮುಂದೆ ನಿಂತು ತನ್ನ ಬಗ್ಗೆ ಹೇಳಿಕೊಳ್ಳುವ ಹೊತ್ತು ಬಂದಾಗ ಮಾತ್ರ ಹಿರಿಯ ವ್ಯಾಪಾರಿಯ ನಾಲಿಗೆ ಹಿಂಜರಿಯುತ್ತದೆ. ತರಬೇತುದಾರ ಅದನ್ನು ಸಂಕೋಚ ಎನ್ನುತ್ತಾನೆ, ಬಿಟ್ಟುಬಿಡಿ ಎನ್ನುತ್ತಾನೆ.

ಅದು ಬರಿಯ ಸಂಕೋಚವಲ್ಲ. ಅದರ ಹಿಂದೆ ಬಹಳ ಹಳೆಯ ವಿಚಾರವೊಂದಿದೆ.

ಉಮಾಸ್ವಾಮಿಯ ತತ್ತ್ವಾರ್ಥಸೂತ್ರವನ್ನು ಜೈನರ ಎರಡೂ ಪಂಥಗಳು ಒಪ್ಪುತ್ತವೆ. ಅದರ ಆರನೆಯ ಅಧ್ಯಾಯ ಪರನಿಂದೆಯನ್ನೂ ಆತ್ಮಪ್ರಶಂಸೆಯನ್ನೂ ಒಂದೇ ಸೂತ್ರದಲ್ಲಿ ಕಟ್ಟಿ, ಎರಡೂ ಕೀಳು ಹುಟ್ಟು ತರುವ ನೀಚಗೋತ್ರ ಕರ್ಮಕ್ಕೆ ಕಾರಣ ಎನ್ನುತ್ತದೆ. ಅದೇ ಸೂತ್ರ ಇನ್ನೆರಡು ದೋಷಗಳನ್ನು ಸೇರಿಸುತ್ತದೆ: ಇನ್ನೊಬ್ಬರಲ್ಲಿ ಇರುವ ಗುಣವನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ ಗುಣವನ್ನು ಸಾರುವುದು. ಏಳನೆಯ ಅಧ್ಯಾಯವಂತೂ ನೇರವಾಗಿ ಅಂಗಡಿಯ ಗಲ್ಲೆಯ ಬಳಿಗೇ ಬರುತ್ತದೆ. ಗೃಹಸ್ಥನ ಸತ್ಯವ್ರತಕ್ಕೆ ಕುಂದು ತರುವ ಐದರಲ್ಲಿ ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ ಸೃಷ್ಟಿಸುವುದು. ಅಸ್ತೇಯಕ್ಕೆ, ಅಂದರೆ ಕದಿಯದಿರುವ ವ್ರತಕ್ಕೆ, ಕುಂದು ತರುವವುಗಳಲ್ಲಿ ತೂಕ ಅಳತೆಗಳ ಮೋಸವಿದೆ, ಅಸಲಿಯ ಜಾಗದಲ್ಲಿ ನಕಲಿಯನ್ನಿಟ್ಟು ಮಾರುವ ಪ್ರತಿರೂಪಕ ವ್ಯವಹಾರವೂ ಇದೆ. ದುಡ್ಡು ಕೊಟ್ಟು ಬರೆಸಿದ ಐದು ನಕ್ಷತ್ರದ ವಿಮರ್ಶೆ ಕೂಟಲೇಖವಲ್ಲದೆ ಮತ್ತೇನು?

ಹಾಗಾದರೆ ವ್ಯಾಪಾರಿ ಬಾಯಿ ಮುಚ್ಚಿ ಕೂರಬೇಕೇ? ಹಾಗೆ ಕೂತರೆ ಸಣ್ಣ ಅಂಗಡಿ ಉಳಿಯುವುದಿಲ್ಲ. ಇಲ್ಲಿ ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೋಡಬೇಕು. ಮೇದಾರ ಕೇತಯ್ಯ, ನುಲಿಯ ಚಂದಯ್ಯ: ಮಾಡುವ ಕೆಲಸ ಹೆಸರಿನ ಮುಂದೆಯೇ ನಿಂತಿದೆ. ವಚನದ ಕೊನೆಗೆ ಬಹುಮಂದಿ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ, ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ, ದೋಣಿ ನಡೆಸುವ ಕಾಯಕದ ಸಮೇತ, ಅಂಕಿತವಾಗಿಟ್ಟ. ಅದನ್ನು ಆತ್ಮಸ್ತುತಿ ಎಂದು ಯಾರೂ ಕರೆದಿಲ್ಲ. ನಾನು ಇಂಥವನು, ನನ್ನ ಕೆಲಸ ಇಂಥದು ಎನ್ನುವುದು ಪರಿಚಯ. ನನ್ನಂಥವನು ಇನ್ನೊಬ್ಬನಿಲ್ಲ ಎನ್ನುವಾಗ ಹೊಗಳಿಕೆ ಶುರುವಾಗುತ್ತದೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದು ಅಲ್ಲಿನ ಕೈಮಗ್ಗದ ಹೆಚ್ಚುಗಾರಿಕೆ. ಅಂಗಡಿಗೆ ಬಂದ ಹೆಂಗಸು ಸೆರಗನ್ನು ತಿರುವಿ ನೋಡುತ್ತಾಳೆ, ಬೆರಳಲ್ಲಿ ಸವರುತ್ತಾಳೆ. ಇನ್‌ಸ್ಟಾಗ್ರಾಮ್ ಚಿತ್ರದಲ್ಲಿ ವಿದ್ಯುತ್ ಮಗ್ಗದ ಸೀರೆಯೂ ಅಷ್ಟೇ ಚೆಂದ ಕಾಣುತ್ತದೆ. ಮುಟ್ಟಿ ನೋಡಲಾಗದ ಗಿರಾಕಿಗೆ ವ್ಯಾಪಾರಿಯ ಮಾತೇ ತಕ್ಕಡಿ. ಕೈಮಗ್ಗದ್ದೋ ಅಲ್ಲವೋ, ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಎಂದು ಬರೆಯುವುದು ಪ್ರಚಾರವೂ ಹೌದು, ವ್ರತವೂ ಹೌದು. ಬರೆಯದೆ ಬಿಟ್ಟರೆ ತೂಕದಲ್ಲಿ ಕಡಿಮೆ ಕೊಟ್ಟಂತೆ.

ಕಾನೂನು ಈಗ ಈ ಹಾದಿಗೆ ಬಂದಿದೆ. ಆನ್‌ಲೈನ್ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಗ್ರಾಹಕರನ್ನು ಬಲೆಗೆ ಕೆಡವುವ 13 ತಂತ್ರಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಮೊದಲನೆಯದೇ ಸುಳ್ಳು ಅವಸರ: ಗೋದಾಮು ತುಂಬಿದ್ದರೂ ‘ಎರಡೇ ಉಳಿದಿವೆ’ ಎನ್ನುವ ಬಗೆಯ ಮಾತು. ಆದರೆ ದಂಡದ ಭಯಕ್ಕೆ ಬಿಟ್ಟ ಸುಳ್ಳು ದಂಡ ಇಲ್ಲದ ಕಡೆ ಮತ್ತೆ ತಲೆ ಎತ್ತುತ್ತದೆ. ವ್ಯಾಪಾರಿಯ ಆ ಹಿಂಜರಿಕೆ ಕಾನೂನಿಗಿಂತ ನಂಬಿಕೆಗೆ ಯೋಗ್ಯವಾದದ್ದು. ಅದನ್ನು ಬಿಡಿಸುವ ಶಿಬಿರ ವ್ಯಾಪಾರಿಯ ಒಳ್ಳೆಯ ಬಂಡವಾಳವನ್ನೇ ಕಳೆಯುತ್ತದೆ.

ಶಿಬಿರ ನಡೆಸುವವರಲ್ಲಿ ಒಂದು ಕೋರಿಕೆ. ಮೊದಲ ಒಂದು ಗಂಟೆ ಫೋನುಗಳನ್ನು ಬದಿಗಿಡಿಸಿ. ಪ್ರತಿಯೊಬ್ಬರೂ ತಮ್ಮ ಸರಕಿನ ಬಗ್ಗೆ ನಾಲ್ಕು ಸಾಲು ಬರೆಯಲಿ, ಪಕ್ಕದವರು ಅದನ್ನು ಗಟ್ಟಿಯಾಗಿ ಓದಲಿ. ಅಂಗಡಿಯಲ್ಲಿ ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಲಾಗದ ಮಾತು ಅದರಲ್ಲಿದ್ದರೆ ಹೊಡೆದುಹಾಕಲಿ. ಕ್ಯಾಮೆರಾ ಆಮೇಲೆ ಹಿಡಿಯಬಹುದು.